ಗ್ರೂಪಿನಲ್ಲಿ ಹುಳು ಬಗ್ಗೆ ಕೇಳಿದರೆ ಗುಡ್ ಮಾರ್ನಿಂಗ್ ಬರುತ್ತೆ!

ಪ್ರಶ್ನೆ: ಸಾರ್, ನಾನು ಶಿಡ್ಲಘಟ್ಟ ತಾಲ್ಲೂಕಿನವನು. ರೇಷ್ಮೆ ಬೆಳೆಗಾರರ ವಾಟ್ಸಾಪ್ ಗ್ರೂಪ್ ಒಂದಕ್ಕೆ ಅಡ್ಮಿನ್. 400 ಜನ ಇದ್ದೇವೆ. ಹುಳು, ಸೊಪ್ಪು, ಗೂಡಿನ ರೇಟು ಮಾತಾಡೋಣ ಅಂತ ಮಾಡಿದ ಗ್ರೂಪು. ಈಗ ಬೆಳಗಾದರೆ ದೇವರ ಫೋಟೋ, ಮಧ್ಯಾಹ್ನ ರಾಜಕೀಯ, ರಾತ್ರಿ ಸಕ್ಕರೆ ಕಾಯಿಲೆಗೆ ಮನೆಮದ್ದು. ಎಲ್ಲರಿಗಿಂತ ಜಾಸ್ತಿ ಕಳಿಸುವವರು ನನಗೆ ಪ್ರೈಮರಿಯಲ್ಲಿ ಪಾಠ ಹೇಳಿದ ಮೇಷ್ಟ್ರು. ‘ದಯವಿಟ್ಟು ವಿಷಯಕ್ಕೆ ಬನ್ನಿ’ ಅಂತ ಒಂದು ಸಲ ಹಾಕಿದೆ. ‘ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯ ಕಿತ್ತುಕೊಳ್ಳೋಕೆ ನೀನ್ಯಾರಪ್ಪ’ ಅಂದರು. ನಾನು ಮಾಡಿದ್ದು ತಪ್ಪಾ?
– ಹೆಸರು ಬೇಡ ಎಂದ ಓದುಗರು

ಉತ್ತರ: ತಪ್ಪಲ್ಲ. ಹಾಗಂತ ಮೇಷ್ಟ್ರ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟಿರುವುದು ನಿಜ. ಅದು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು. ನೀವು ಒಂದು ಫೋಟೋ ಅಳಿಸಿದರೆ ಮೇಷ್ಟ್ರ ಬಾಯಿಗೇನೂ ಬೀಗ ಬೀಳುವುದಿಲ್ಲ, ಅದೇ ಫೋಟೋವನ್ನು ಅವರು ಸ್ಟೇಟಸ್‌ಗೆ ಹಾಕಬಹುದು, ಇನ್ನೂ ಹತ್ತು ಗ್ರೂಪಿಗೆ ಕಳಿಸಬಹುದು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುವಾಗ ಯಾರೋ ಬಂದು ಪಂಚಾಯಿತಿ ಚುನಾವಣೆಯ ಭಾಷಣ ಶುರು ಮಾಡಿದರೆ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳೂ ರೈತರೂ ಸೇರಿ ‘ಆಚೆ ಹೋಗಿ ಮಾತಾಡಪ್ಪ’ ಅನ್ನುತ್ತಾರೆ, ಅಲ್ವಾ? ಅದನ್ನು ಯಾರೂ ದಬ್ಬಾಳಿಕೆ ಅನ್ನುವುದಿಲ್ಲ.

ನಿಮ್ಮ ಕಸುಬಿನಲ್ಲಿ ಇದು ಬರೀ ಕಿರಿಕಿರಿಯ ಮಾತೂ ಅಲ್ಲ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹಣ್ಣಾಗಲು, ಅಂದರೆ ಗೂಡು ಕಟ್ಟಲು ಸಿದ್ಧವಾಗಲು, ಉಳಿಯುವುದು ಹೆಚ್ಚುಕಡಿಮೆ ಒಂದು ವಾರ. ಆ ವಾರದಲ್ಲಿ ಒಬ್ಬ ರೈತ ರಾತ್ರಿ ಹನ್ನೊಂದಕ್ಕೆ ಫೋಟೋ ಹಾಕುತ್ತಾನೆ ಅಂದುಕೊಳ್ಳಿ: ಹುಳು ಊದಿದೆ, ಮುಟ್ಟಿದರೆ ಚರ್ಮ ಒಡೆದು ಬೆಳ್ಳಗೆ ನೀರು ಸುರಿಯುತ್ತಿದೆ, ಏನು ಮಾಡಲಿ? ಹಾಲು ರೋಗ ನೋಡಿದವರು ಗುರುತು ಹಿಡಿಯುತ್ತಾರೆ. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ರೋಗದ ಹುಳು ಆರಿಸಿ ತೆಗೆದು, ಸುಣ್ಣದ ಪುಡಿ ಉದುರಿಸಿ, ಉಳಿದದ್ದನ್ನು ಉಳಿಸಿಕೊಳ್ಳಬೇಕು. ಹೇಳುವವರು ಗ್ರೂಪಿನಲ್ಲೇ ಇದ್ದಾರೆ. ಆದರೆ ಬೆಳಗ್ಗೆ ಅವರು ಫೋನ್ ತೆಗೆಯುವ ಹೊತ್ತಿಗೆ ಆ ಫೋಟೋದ ಮೇಲೆ ಅರವತ್ತು ಶುಭೋದಯ ಬಿದ್ದಿರುತ್ತೆ. ಕೇಳಿದವನು ‘ಯಾರೂ ಉತ್ತರ ಕೊಡಲ್ಲ’ ಅಂತ ಇನ್ನೊಂದು ಸಲ ಕೇಳುವುದೇ ಇಲ್ಲ. ಮೇಷ್ಟ್ರಿಗೆ ಇದನ್ನೇ ಹೇಳಿ. ಆ ರೈತನಿಗೂ ಮಾತಾಡುವ ಹಕ್ಕಿತ್ತು, ಅದು ದೇವರ ಫೋಟೋಗಳ ಅಡಿ ಸಿಕ್ಕಿಕೊಂಡಿತು.

ಈಗ ಮೇಷ್ಟ್ರ ಪರವಾಗಿ. ಬೇಸತ್ತ ಅಡ್ಮಿನ್‌ಗಳು ಮೊದಲು ಮಾಡುವ ರೂಲ್ಸು ‘ರಾಜಕೀಯ ಬೇಡ’. ನೀವು ಅದನ್ನು ಮಾಡಬೇಡಿ. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು, ಗೂಡಿನ ಬೆಲೆ ಬಿತ್ತು. 2013ರಲ್ಲಿ ಮತ್ತೆ 15ಕ್ಕೆ ಏರಿಸಿದರು. ಅದು ರಾಜಕೀಯವೇ, ನಿಮ್ಮ ಜೇಬಿನ ವಿಷಯವೂ ಹೌದು. ‘ರಾಜಕೀಯ ಬೇಡ’ ಅಂದರೆ ಅಂಥ ಮಾತೂ ಹೋಗುತ್ತೆ, ಉಳಿಯುವುದು ಶುಭೋದಯವೇ. ಹುಳುವಿಗೋ ಸೊಪ್ಪಿಗೋ ಗೂಡಿಗೋ ರೇಟಿಗೋ ತಗಲುವ ಮಾತಾ ಅಂತ ನೋಡಿ. ತಗಲಿದರೆ ಎಷ್ಟು ಖಾರ ಇದ್ದರೂ ಇರಲಿ.

ಇನ್ನು ಮೇಷ್ಟ್ರು. ಗ್ರೂಪಿನಲ್ಲೇ ಅವರಿಗೆ ಬುದ್ಧಿ ಹೇಳಲು ಹೋಗಿದ್ದು ನಿಮ್ಮ ಎಡವಟ್ಟು. 400 ಜನರ ಮುಂದೆ, ಅದೂ ಶಿಷ್ಯ! 2022ರಿಂದ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರ ಫೋನಿನಿಂದ ಅಳಿಸಬಹುದು ನಿಜ, ಆದರೆ ಅಳಿಸಿದ್ದು ಯಾರು ಅಂತ ಅಲ್ಲಿ ಕಾಣುತ್ತೆ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕಿದರೆ ಶುಭೋದಯದ ಜೊತೆ ಹುಳುವಿನ ಪ್ರಶ್ನೆಯೂ ನಿಂತುಹೋಗುತ್ತೆ, ಅದೂ ಬೇಡ. ಒಂದು ಸಂಜೆ ಅವರ ಮನೆಗೆ ಹೋಗಿ. ‘ಹರಟೆಗೆ ಅಂತ ಇನ್ನೊಂದು ಗ್ರೂಪು ಮಾಡ್ತಿದೀನಿ ಮೇಷ್ಟ್ರೇ, ಅದಕ್ಕೆ ನೀವೇ ಅಡ್ಮಿನ್ ಆಗ್ಬೇಕು’ ಅನ್ನಿ. ಒಪ್ಪಿಕೊಂಡರೆ ಎರಡು ವಾರದಲ್ಲಿ ‘ಯಾರೂ ವಿಷಯಕ್ಕೆ ಬರಲ್ಲ ಕಣಪ್ಪ’ ಅಂತ ಅವರೇ ನಿಮಗೆ ಫೋನ್ ಮಾಡಬಹುದು.

ಪ್ರಶ್ನೆ: ತುಮಕೂರಿನಲ್ಲಿ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಒಂದು ಗ್ರೂಪ್ ಇದೆ. ಪಾರ್ಕಿಗೆ ಅಂತ ಮನೆಮನೆಯಿಂದ ಎತ್ತಿದ ದುಡ್ಡಿನ ಲೆಕ್ಕ ಕೇಳಿದೆ. ‘ಇದು ನೀರು, ಕರೆಂಟ್ ಮಾಹಿತಿಗೆ ಮಾತ್ರ, ಬೇರೆ ವಿಷಯ ಬೇಡ’ ಅಂತ ಹೇಳಿ ನನ್ನನ್ನು ತೆಗೆದೇಬಿಟ್ಟರು. ಇದು ಸರಿಯೇ?
– ನಿವೃತ್ತ ನೌಕರರು, ತುಮಕೂರು

ಉತ್ತರ: ಸರಿಯಲ್ಲ. ಮೇಲಿನ ಉತ್ತರ ಓದಿ ನಿಮ್ಮ ಅಡ್ಮಿನ್ ಖುಷಿಪಟ್ಟಿದ್ದರೆ, ಅವರಿಗೂ ಇದನ್ನು ತೋರಿಸಿ. ಸಂಘದ ಗ್ರೂಪಿನಲ್ಲಿ ಸಂಘದ ದುಡ್ಡಿನ ಮಾತು ಬೇರೆ ವಿಷಯ ಹೇಗಾಗುತ್ತೆ? ಅದೇ ಗ್ರೂಪಿನಲ್ಲಿ ಹುಟ್ಟುಹಬ್ಬದ ಕೇಕ್ ಫೋಟೋ ಹಾಕಿದವರನ್ನು ಯಾವತ್ತಾದರೂ ತೆಗೆದಿದ್ದಾರಾ? ಇಲ್ಲ ಅಂದರೆ ರೂಲ್ಸು ಬರೀ ನೆಪ.

ಆದರೆ ಮತ್ತೆ ಗ್ರೂಪಿಗೆ ಸೇರಿಸಿ ಅಂತ ಜಗಳಕ್ಕೆ ಹೋಗಬೇಡಿ, ಅದರಿಂದ ಲೆಕ್ಕ ಸಿಗಲ್ಲ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆಯಾ ನೋಡಿ. ಆಗಿದ್ದರೆ ವರ್ಷಕ್ಕೊಂದು ಸರ್ವ ಸದಸ್ಯರ ಸಭೆ ನಡೆಸಲೇಬೇಕು, ಅಲ್ಲಿ ಕೇಳಿ. ಅದಕ್ಕೂ ಮೊದಲು ಕಾರ್ಯದರ್ಶಿಗೆ ಕಾಗದದ ಮೇಲೆ ಬರೆದು ಕೊಟ್ಟು, ಇನ್ನೊಂದು ಪ್ರತಿಯಲ್ಲಿ ಸಹಿ ಹಾಕಿಸಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸೇರಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕಾಗುತ್ತೆ. ಅಷ್ಟು ಜನರನ್ನು ಹುಡುಕಲು ವಾಟ್ಸಾಪ್ ಬೇಕಾಗಿಲ್ಲ. ಬೆಳಗಿನ ವಾಕಿಂಗ್ ಸಾಕು.

ಪ್ರಶ್ನೆ: ಕೋಲಾರದಲ್ಲಿ ಟೊಮೆಟೊ ಬೆಳೆಗಾರರ ಗ್ರೂಪಿನ ಅಡ್ಮಿನ್ ನಾನು. ಯಾರೋ ಕೆಟ್ಟದ್ದು ಹಾಕಿದರೆ ಪೊಲೀಸರು ಹಿಡಿಯೋದು ಅಡ್ಮಿನ್‌ನ್ನೇ ಅಂತಾರೆ. ಭಯಕ್ಕೆ ಏನು ಬಂದರೂ ಅಳಿಸುತ್ತಿದ್ದೇನೆ.

ಉತ್ತರ: ಅಷ್ಟು ಭಯ ಬೇಡ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು, ಇನ್ನೊಬ್ಬ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಅಂದಿವೆ. ಹೊರ ರಾಜ್ಯದ ತೀರ್ಪುಗಳಾದರೂ ಇಲ್ಲೂ ವಕೀಲರು ಮುಂದಿಡಬಹುದು. ಆಕ್ಷೇಪಾರ್ಹ ಮೆಸೇಜ್ ಕಳಿಸಿದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಕೂಡ ಈಗಿಲ್ಲ, 2015ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ ಬೆದರಿಕೆ, ಅಶ್ಲೀಲ, ಜಾತಿ ಧರ್ಮದ ಹೆಸರಲ್ಲಿ ಎತ್ತಿಕಟ್ಟುವ ಮಾತು, ಇವಕ್ಕೆಲ್ಲ ಬೇರೆ ಕಾನೂನುಗಳಿವೆ. ಅಂಥದ್ದು ಬಂದರೆ ತಕ್ಷಣ ಅಳಿಸಿ, ಅಪ್ಪಿತಪ್ಪಿಯೂ ನೀವು ಫಾರ್ವರ್ಡ್ ಮಾಡಬೇಡಿ. 15 ಕೆಜಿ ಬಾಕ್ಸಿಗೆ ಇವತ್ತು ಮಂಡಿಯಲ್ಲಿ ಮೋಸದ ರೇಟು ಕೊಟ್ಟರು ಅಂತ ಯಾರಾದರೂ ಸಿಟ್ಟಿನಲ್ಲಿ ಬೈದಿದ್ದರೆ, ಅದನ್ನು ಹಾಗೇ ಬಿಡಿ.