ಆ ಒರಟು ತಳಿ ಎಲ್ಲಿಂದ ಬಂತು, ಮೇಷ್ಟ್ರೇ?

ಹಾಸನ ಜಿಲ್ಲೆಯ ಓದುಗರೊಬ್ಬರು, ನಿವೃತ್ತ ಪಿಯು ಜೀವಶಾಸ್ತ್ರ ಉಪನ್ಯಾಸಕರು, ಕಳೆದ ಸಂಚಿಕೆ ಓದಿ ಹೀಗೆ ಬರೆದಿದ್ದಾರೆ: "ರೋಗದ ಬ್ಯಾಕ್ಟೀರಿಯಾಗಳು ಹೊರಮೈ ಬದಲಿಸುತ್ತವೆ ಎಂದು ಎರಡು ಪುಟ ತುಂಬಿಸಿದ್ದೀರಿ. ಅದೆಲ್ಲ ಸಂಶೋಧಕರಿಗಿರಲಿ. ಮಕ್ಕಳಿಗೆ ಮೊದಲು ಗಟ್ಟಿ ಬುನಾದಿ ಬೇಕು. ಸುಮ್ನೆ ಗೊಂದಲ ಮಾಡಬೇಡಿ."

ಮೇಷ್ಟ್ರೇ, ಬುನಾದಿ ಬೇಕು, ಒಪ್ಪಿದೆ. ಒಂದು ರೋಗಕ್ಕೆ ಒಂದು ಸೂಕ್ಷ್ಮಜೀವಿ ಎಂದು ಜರ್ಮನ್ ವೈದ್ಯ ರಾಬರ್ಟ್ ಕಾಕ್ ಹಟ ಹಿಡಿಯದಿದ್ದರೆ ಕ್ಷಯ, ಕಾಲರಾಗಳ ಮೂಲ ಅಷ್ಟು ಬೇಗ ಸಿಗುತ್ತಿರಲಿಲ್ಲ. ಸರಿ, ಅಷ್ಟು ಸಾಕು.

ಈಗ ನಾನೊಂದು ಕೇಳುತ್ತೇನೆ. ಬ್ರಿಟನ್ನಿನ ವಿಜ್ಞಾನಿ ಗ್ರಿಫಿತ್ ಮಾಡಿದ ಪ್ರಯೋಗವನ್ನು ದ್ವಿತೀಯ ಪಿಯು ಮಕ್ಕಳಿಗೆ ನೀವು ವರ್ಷ ವರ್ಷ ಪಾಠ ಮಾಡಿದವರು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದಲ್ಲಿ, ಕವಚವಿದ್ದು ಕಾಲೊನಿ (ಒಟ್ಟಾಗಿ ಬೆಳೆದ ಗುಂಪು) ನುಣುಪಾಗಿ ಕಾಣುವ ತಳಿ ಇಲಿಯನ್ನು ಕೊಲ್ಲುತ್ತದೆ, ಕವಚವಿಲ್ಲದ ಒರಟು ತಳಿ ಕೊಲ್ಲುವುದಿಲ್ಲ. ಕಾಯಿಸಿ ಕೊಂದ ನುಣುಪಿನ ಜೊತೆ ಜೀವಂತ ಒರಟನ್ನು ಸೇರಿಸಿ ಚುಚ್ಚಿದರೆ ಇಲಿ ಸಾಯುತ್ತದೆ. ಐದು ಅಂಕ. ಆದರೆ ಆ ಒರಟು ತಳಿ ಎಲ್ಲಿಂದ ಬಂತು?

ನುಣುಪಿನಿಂದಲೇ ಬಂತು! ನುಣುಪು ನ್ಯುಮೋಕಾಕಸ್ಸನ್ನು ಅದರದೇ ವಿರುದ್ಧದ ಸೀರಂನಲ್ಲಿ (ಪ್ರತಿಕಾಯಗಳಿರುವ ರಕ್ತದ್ರವದಲ್ಲಿ) ಬೆಳೆಸಿದರೆ ಕವಚ ಕಳೆದುಕೊಂಡವು ಮೇಲುಗೈ ಪಡೆಯುತ್ತವೆ. ಗ್ರಿಫಿತ್ 1923ರಲ್ಲೇ ಇದನ್ನು ಬರೆದಿದ್ದರು. ಅದಕ್ಕೂ ಎರಡು ವರ್ಷ ಮೊದಲು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಆರ್ಕ್‌ರೈಟ್ ಭೇದಿ ಬ್ಯಾಕ್ಟೀರಿಯಾಗಳಲ್ಲಿ ಇಂಥದೇ ನುಣುಪು-ಒರಟು ಜೋಡಿ ಕಂಡಿದ್ದರು. ಒರಟಾದದ್ದು ಕೆಲವೊಮ್ಮೆ ಇಲಿಯ ಮೈಯಲ್ಲಿ ಮತ್ತೆ ನುಣುಪಾಗುತ್ತದೆ. ಇದೂ ಗ್ರಿಫಿತ್‌ಗೆ ಗೊತ್ತಿತ್ತು. ಹಾಗಾಗಿಯೇ ಅವರು 1928ರಲ್ಲಿ ಎರಡನೇ ವಿಧದ ಕವಚವಿದ್ದ ನುಣುಪಿನಿಂದ ಬಂದ ಒರಟಿಗೆ ಮೂರನೇ ವಿಧದ ಕವಚದ ಸತ್ತ ನುಣುಪನ್ನು ಬೆರೆಸಿದರು. ಸತ್ತ ಇಲಿಯ ರಕ್ತದಲ್ಲಿ ಸಿಕ್ಕಿದ್ದು ಮೂರನೇ ವಿಧ. ತಾನಾಗಿ ಹಿಂದಿರುಗಿದ್ದರೆ ಎರಡನೆಯದೇ ಸಿಗಬೇಕಿತ್ತು, ಅಲ್ವಾ? ಅಂದರೆ ಸತ್ತ ನುಣುಪಿನಿಂದ ಏನೋ ಒಂದು ಜೀವಂತ ಒರಟಿಗೆ ದಾಟಿತ್ತು. ನೀವು ಗೊಂದಲ ಅನ್ನುತ್ತೀರಲ್ಲ, ಅದನ್ನು ಬಿಟ್ಟುಬಿಟ್ಟರೆ ಈ ಪ್ರಯೋಗದ ಜಾಣ್ಮೆಯೇ ಮಕ್ಕಳಿಗೆ ಕಾಣುವುದಿಲ್ಲ. ಹಾಗೆ ದಾಟಿದ್ದು ಡಿಎನ್‌ಎ ಎಂದು 1944ರಲ್ಲಿ ಅಮೆರಿಕದ ಏವರಿ ಮತ್ತು ಸಂಗಡಿಗರು ಹಿಡಿದದ್ದೂ ಇದೇ ದಾರಿಯಲ್ಲಿ. ಪಾಪ, ಗ್ರಿಫಿತ್ ಅದನ್ನು ನೋಡಲಿಲ್ಲ. 1941ರಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬಿಗೆ ಬಲಿಯಾದರು.

ಇನ್ನು ಟೈಫಾಯಿಡ್‌ನಂಥ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ಅದರ ಎಷ್ಟೋ ತಳಿಗಳಲ್ಲಿ ಈಜುಬಾಲಕ್ಕೆ ಎರಡು ಬಗೆ ಪ್ರೋಟೀನ್ ಇವೆ. ಸುಮಾರು ಸಾವಿರ ಅಕ್ಷರಗಳ ಒಂದು ಡಿಎನ್‌ಎ ತುಂಡು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಹಿಂದುಮುಂದಾಗುತ್ತದೆ, ಒಂದು ಪ್ರೋಟೀನ್ ನಿಂತು ಇನ್ನೊಂದು ಶುರುವಾಗುತ್ತದೆ. ಗೊನೊರಿಯಾದ ಬ್ಯಾಕ್ಟೀರಿಯಾ ಇನ್ನೂ ಕಿಲಾಡಿ. ಅದರ ಕೆಲವು ಜೀನ್‌ಗಳಲ್ಲಿ ಐದು ಅಕ್ಷರಗಳ ಒಂದೇ ಗುಂಪು ಸಾಲಾಗಿ ಬರುತ್ತದೆ. ನಕಲಾಗುವಾಗ ಒಂದು ಗುಂಪು ಜಾಸ್ತಿಯೋ ಕಡಿಮೆಯೋ ಆದರೆ ಸಾಕು, ಜೀನ್ ಬಂದ್, ಇಲ್ಲವೇ ಚಾಲೂ. ನಮ್ಮ ಜೀವಕೋಶಗಳಿಗೆ ಅಂಟಿಕೊಳ್ಳಲು ಅದರ ಮೈಮೇಲಿರುವ ಕೂದಲಿನಂಥ ಎಳೆಗಳ ಪ್ರೋಟೀನನ್ನಂತೂ ಬೇರೆ ತುಣುಕು ಸೇರಿಸಿ ಬದಲಿಸುತ್ತಲೇ ಇರುತ್ತದೆ. ಆ ಕೂದಲನ್ನೇ ಗುರಿಯಿಟ್ಟು ಮಾಡಿದ ಲಸಿಕೆ ಸೋತಿತು. ಒಮ್ಮೆ ಬಂದವರಿಗೆ ಈ ರೋಗ ಮತ್ತೆ ಬರುವುದಕ್ಕೂ ಇದೊಂದು ಕಾರಣ.

ಇದು ಸಂಶೋಧಕರ ಮನೆಯ ಮಾತಲ್ಲ. ನ್ಯುಮೋಕಾಕಸ್ ಕವಚಗಳಲ್ಲಿ ನೂರಕ್ಕೂ ಹೆಚ್ಚು ವಿಧ. ಲಸಿಕೆ ಹಿಡಿಯುವುದು ಕೆಲವನ್ನು. 2000ದಲ್ಲಿ ಅಮೆರಿಕ ಏಳು ವಿಧಗಳ ಲಸಿಕೆ ತಂದಾಗ ಮಕ್ಕಳ ಕಾಯಿಲೆ ಬಹಳ ಇಳಿಯಿತು, ಆದರೆ ಲಸಿಕೆಯಲ್ಲಿಲ್ಲದ 19ಎ ಎಂಬ ವಿಧ ತಲೆ ಎತ್ತಿತು. ಲಸಿಕೆಗೆ ವಿಧಗಳನ್ನು ಸೇರಿಸಬೇಕಾಯಿತು. 2021ರಿಂದ ನಮ್ಮ ದೇಶದ ಎಲ್ಲ ಕಡೆ ಮಕ್ಕಳಿಗೂ ಈ ಬಗೆಯ ಲಸಿಕೆ ಹಾಕುತ್ತಿದ್ದಾರೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ ಮೇಷ್ಟ್ರೇ. ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹುಡುಗಿಯೊಬ್ಬಳು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೂಲೆಯಲ್ಲಿ ಬೇರೆ ಥರದ ಕಾಲೊನಿ ಇದೆ ಎಂದು ತೋರಿಸಿದಳು. "ಅದು ಕಲಬೆರಕೆ, ಎಸಿ" ಎಂದರು ಅಲ್ಲಿ ಪಾಠ ಮಾಡುವವರು. ಕಲಬೆರಕೆಯೇ ಇದ್ದಿರಬಹುದು. ನೋಡಿಯಾದರೂ ಎಸೆಯಬಾರದೇ? ರೆಕಾರ್ಡ್ ಪುಸ್ತಕದ ಚಿತ್ರಕ್ಕೆ ಹೊಂದದ್ದನ್ನೆಲ್ಲ ಎಸೆಯುತ್ತೇವೆ. ಮೈಕ್ರೋಸ್ಕೋಪನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ, ಇನ್ಸ್‌ಪೆಕ್ಷನ್ ದಿನ ಒರೆಸಿ ಹೊರಗಿಡುತ್ತೇವೆ. ಆಮೇಲೆ ನಮ್ಮಲ್ಲಿ ಸಂಶೋಧನೆ ಇಲ್ಲ ಎಂದು ಭಾಷಣ.

ನಿಮ್ಮ ಹಳೆಯ ನೋಟ್ಸ್ ಮನೆಯಲ್ಲಿರಬೇಕು. ಒರಟು ತಳಿ ಎಲ್ಲಿಂದ ಬಂತು ಎಂದು ಯಾವುದಾದರೂ ವಿದ್ಯಾರ್ಥಿ ಕೇಳಿದ್ದು, ನೀವು ಉತ್ತರಿಸಿದ್ದು ಅದರಲ್ಲಿದ್ದರೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ