ಹತ್ತು ಬಾಬ್ ಹುಡುಕುವ ಅಜ್ಜಿಯೂ ರೂಪಾಯಿ ಎಣಿಸುವ ನೀನೂ

ಮಗಳೇ,

ಶಿವಮೊಗ್ಗದಿಂದ ಇಂಗ್ಲೆಂಡಿಗೆ ಬಂದು ಇನ್ನೂ ಇಲ್ಲಿಯ ಚಳಿಗೆ ಒಗ್ಗಿಕೊಳ್ಳುತ್ತಿರುವ ನೀನು ನನ್ನನ್ನು ಎರಡು ವಿಷಯ ಕೇಳಿದ್ದೀಯೆ. ಕೇರ್ ಹೋಮಿನಲ್ಲಿ ನೀನು ನೋಡಿಕೊಳ್ಳುವ ತೊಂಬತ್ತು ದಾಟಿದ ಅಜ್ಜಿ ದಿನವೂ ಪರ್ಸ್ ತಡಕಾಡುತ್ತ "ನನ್ನ ಹತ್ತು ಬಾಬ್ ಎಲ್ಲಿ" ಎನ್ನುತ್ತಾರೆ, ಅದೇನು ಎಂಬುದು ಒಂದು. ಒಂದು ಲೋಟ ಕಾಫಿ ಕೊಂಡರೂ ಮನಸ್ಸು ರೂಪಾಯಿಯಲ್ಲಿ ಎಣಿಸುತ್ತದೆ, ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ, ಇದು ಎಂದಿಗೆ ನಿಲ್ಲುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ನೀನೂ ಆ ಅಜ್ಜಿಯೂ ಮಾಡುತ್ತಿರುವ ಕೆಲಸ ಒಂದೇ: ಕೈಯಲ್ಲಿರುವ ಹಣವನ್ನು ಹಳೆಯ ಹಣಕ್ಕೆ ತಿರುಗಿಸಿಕೊಂಡು ನೋಡುವುದು.

ಬಾಬ್ ಎಂದರೆ ಶಿಲಿಂಗ್. ಹತ್ತು ಶಿಲಿಂಗ್ ಎಂದರೆ ಅರ್ಧ ಪೌಂಡ್. ಮೊತ್ತಕ್ಕಿಂತ ನಿನಗೆ ಮುಖ್ಯವಾದದ್ದು, ಅದು ನೋಟು. ಕೆಂಪುಕಂದು ಬಣ್ಣದ ಸಣ್ಣ ನೋಟು. 1969ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ಹೊಸ ಲೆಕ್ಕದ, ಏಳು ಮೂಲೆಯ ಐವತ್ತು ಪೆನ್ಸ್ ನಾಣ್ಯ ಬಂತು, ಮರುವರ್ಷ ನವೆಂಬರಿನಲ್ಲಿ ನೋಟಿನ ಚಲಾವಣೆಯೇ ನಿಂತಿತು. ಸಮಾಧಾನಕ್ಕೆಂದು ಚಿಲ್ಲರೆ ಕೊಟ್ಟರೆ ಅಜ್ಜಿ ಕೈ ತಳ್ಳಿಬಿಡುತ್ತಾರೆ ಎಂದು ಬರೆದಿದ್ದೀಯಲ್ಲ, ಕಾರಣ ಇದೇ ಇರಬೇಕು. ಅವರ ಬೆರಳುಗಳು ಮಡಿಸಿಟ್ಟ ಕಾಗದವನ್ನು ಹುಡುಕುತ್ತಿವೆ.

ಹಳೆಯ ಹಣದ ಉಳಿದ ಲೆಕ್ಕವನ್ನೂ ಕಲಿತುಕೋ, ಉಪಯೋಗಕ್ಕೆ ಬರುತ್ತದೆ. ಹನ್ನೆರಡು ಪೆನ್ಸ್‌ಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗ್‌ಗೆ ಒಂದು ಪೌಂಡ್. ಪೌಂಡಿಗೆ ಒಟ್ಟು 240 ಪೆನ್ಸ್. ಆರು ಪೆನ್ಸ್ ನಾಣ್ಯಕ್ಕೆ ಟ್ಯಾನರ್ ಎನ್ನುತ್ತಿದ್ದರು. ಎರಡು ಶಿಲಿಂಗಿನದು ಫ್ಲಾರಿನ್. ಎರಡೂವರೆ ಶಿಲಿಂಗಿನದು ಹಾಫ್ ಕ್ರೌನ್. "ಟೂ ಅಂಡ್ ಸಿಕ್ಸ್" ಎಂದು ಯಾರಾದರೂ ಹೇಳಿದರೆ ಅದೇ ಮೊತ್ತ. ಇವಲ್ಲದೆ ಗಿನಿ ಎಂಬ ಇಪ್ಪತ್ತೊಂದು ಶಿಲಿಂಗಿನ ಲೆಕ್ಕವೂ ಇತ್ತು. ಅದರ ನಾಣ್ಯ ಎಂದೋ ಹೋಗಿತ್ತು, ನೋಟೂ ಇರಲಿಲ್ಲ. ಆದರೂ ಒಳ್ಳೆಯ ದರ್ಜಿಯ ಬಿಲ್ಲು, ದೊಡ್ಡ ವೈದ್ಯರ ಶುಲ್ಕ ಗಿನಿಯಲ್ಲೇ ಬರುತ್ತಿದ್ದವು. ರೇಸ್ ಕುದುರೆಗಳನ್ನು ಇಂದಿಗೂ ಗಿನಿಯಲ್ಲೇ ಹರಾಜು ಕೂಗುತ್ತಾರೆ.

ನಿನ್ನ ವಯಸ್ಸಿನವರಿಗೆ ಇದೆಲ್ಲ ತಲೆಬುಡವಿಲ್ಲದ ಲೆಕ್ಕವಾಗಿ ಕಾಣಬಹುದು. ನನಗೆ ಹಾಗೆ ಕಾಣಲಿಲ್ಲ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂದು ಶಾಲೆಯಲ್ಲಿ ಕಲಿತವಳು ನಾನು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠವಾಗಿತ್ತು. ಹನ್ನೆರಡರ ಲೆಕ್ಕಕ್ಕೆ ಅದರದೇ ಒಂದು ಅನುಕೂಲವಿದೆ. ಒಂದು ಪೌಂಡನ್ನು ಮೂವರು ಹಂಚಿಕೊಂಡರೆ ತಲೆಗೆ ಆರು ಶಿಲಿಂಗ್ ಎಂಟು ಪೆನ್ಸ್ ಬರುತ್ತದೆ, ಬಿಡಿಗಾಸೂ ಮಿಗುವುದಿಲ್ಲ. ನೂರು ಪೆನ್ಸಿನ ಪೌಂಡನ್ನು ಹಾಗೆ ಮೂರು ಪಾಲು ಮಾಡು, ನೋಡೋಣ.

ನಾವು ಬಂದದ್ದು 1966ರ ಆರಂಭದಲ್ಲಿ. ಆಗ ಭಾರತದಿಂದ ಹೊರಡುವವರಿಗೆ ಕೊಡುತ್ತಿದ್ದ ವಿದೇಶಿ ಹಣ ಮೂರು ಪೌಂಡ್, ಅಂದಿನ ಲೆಕ್ಕದಲ್ಲಿ ನಲವತ್ತು ರೂಪಾಯಿ. ರೂಪಾಯಿಯ ಬೆಲೆ ಸರಿಯಾಗಿ ಒಂದು ಶಿಲಿಂಗ್ ಆರು ಪೆನ್ಸ್ ಆಗಿದ್ದ ಕೊನೆಯ ತಿಂಗಳುಗಳವು. ಒಂದು ಶಿಲಿಂಗ್, ಒಂದು ಟ್ಯಾನರ್ ಅಂಗೈಯಲ್ಲಿಟ್ಟುಕೊಂಡರೆ ಊರಿನ ಒಂದು ರೂಪಾಯಿ ಎಂದು ಲೆಕ್ಕ ಸುಲಭವಾಗಿತ್ತು. ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಯಿತು; ಹದಿಮೂರು ಚಿಲ್ಲರೆ ಇದ್ದ ಪೌಂಡ್ ಇಪ್ಪತ್ತೊಂದು ರೂಪಾಯಿಗೆ ಏರಿತು. ಮರುವರ್ಷ ನವೆಂಬರಿನಲ್ಲಿ ಪೌಂಡೇ ಕುಸಿದು ಹದಿನೆಂಟಕ್ಕೆ ಇಳಿಯಿತು. ನೀನು ಮೊಬೈಲಿನಲ್ಲಿ ನೋಡುವ ದರವನ್ನು ನಾನು ಹೀಗೆ ಹರಕು ಕಾಗದದ ಮೇಲೆ ಗೀಚಿಕೊಂಡು ನೋಡುತ್ತಿದ್ದೆ.

ಲೀಡ್ಸಿನಲ್ಲಿ ಪತ್ರಿಕೆ, ಸಿಗರೇಟು, ಮಿಠಾಯಿ ಮಾರುವ ಮೂಲೆಯಂಗಡಿಯೊಂದರ ಗಲ್ಲಾದಲ್ಲಿ ನನಗೆ ಕೆಲಸ ಸಿಕ್ಕಿತು. ಹಳೆಯ ಪೆನ್ನಿಯನ್ನು ನೀನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಇಂದಿನ ಎರಡು ಪೆನ್ಸ್‌ಗಿಂತ ದೊಡ್ಡದು, ಕಂಚಿನದು, ಮೂರು ಸೇರಿದರೆ ಒಂದು ಔನ್ಸ್ ತೂಕ; ತೂಕದ ಬಟ್ಟು ಇಲ್ಲದ ಮನೆಯಲ್ಲಿ ತಕ್ಕಡಿಗೆ ಅದನ್ನೇ ಹಾಕಬಹುದಿತ್ತು. ಸಂಜೆ ಗಲ್ಲಾ ಎಣಿಸುವಾಗ ಐದು ದೊರೆಗಳ ಮುಖ ಕಾಣುತ್ತಿದ್ದವು, ವಿಕ್ಟೋರಿಯಾಳಿಂದ ಎಲಿಜಬೆತ್‌ವರೆಗೆ. ವಿಕ್ಟೋರಿಯಾ ರಾಣಿಯ ಕೂದಲು, ಕಿವಿ, ಕೊರಳು ಎಲ್ಲ ಸವೆದು ಬರೀ ತಲೆಯ ಆಕಾರ ಉಳಿದಿರುತ್ತಿತ್ತು, ಆದರೂ ಅದು ಒಂದು ಪೆನ್ನಿಗೇ ಚಲಾವಣೆಯಾಗುತ್ತಿತ್ತು. 1895ರಿಂದ 1948ರವರೆಗಿನ ಪೆನ್ನಿಗಳ ಅಂಚಿನಲ್ಲಿ "ಇಂಡ್ ಇಂಪ್" ಎಂಬ ಅಕ್ಷರಗಳಿದ್ದವು: ಭಾರತದ ಚಕ್ರವರ್ತಿ ಎಂದು. ನಾವು ಸ್ವತಂತ್ರರಾಗಿ ಎರಡು ದಶಕ ಆಗುತ್ತ ಬಂದಿತ್ತು. ಆ ಬಿರುದು ಇನ್ನೂ ಯಾರ್ಕ್‌ಶೈರಿನ ಮಕ್ಕಳ ಜೇಬಿನಲ್ಲಿ ಓಡಾಡುತ್ತಿತ್ತು. ಅದನ್ನು ಕಂಡಾಗಲೆಲ್ಲ ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ನನ್ನ ಸೋದರಮಾವ ನೆನಪಾಗುತ್ತಿದ್ದರು.

ಮಕ್ಕಳಿಗೆ ಪ್ರೀತಿಯದು ಹನ್ನೆರಡು ಮೂಲೆಯ ಹಿತ್ತಾಳೆಯ ಮೂರು ಪೆನ್ಸ್. ನನಗೆ ಹಾಫ್ ಕ್ರೌನ್. ಅದು ಅಂಗೈಗೆ ಬಿದ್ದರೆ ದುಡಿದದ್ದಕ್ಕೆ ಏನೋ ಬಂತು ಎಂದು ತಿಳಿಯುತ್ತಿತ್ತು, ಅಷ್ಟು ಗಟ್ಟಿ ನಾಣ್ಯ. 1969ರ ಕೊನೆಗೆ ಅದನ್ನು ಹಿಂತೆಗೆದುಕೊಂಡರು.

240 ಪೆನ್ಸಿನ ಪೌಂಡ್ ನೂರು ಪೆನ್ಸಿನದಾದ ದಶಮಾಂಶದ ದಿನ 1971ರ ಫೆಬ್ರವರಿ 15, ಸೋಮವಾರ. ಹಿಂದಿನ ಬುಧವಾರ ಮಧ್ಯಾಹ್ನದಿಂದ ಬ್ಯಾಂಕುಗಳು ಲೆಕ್ಕ ಬದಲಿಸಲು ಬಾಗಿಲು ಹಾಕಿದ್ದವು. ಅಂಚೆ ಮುಷ್ಕರ ಬೇರೆ ನಡೆಯುತ್ತಿತ್ತು. ನಮ್ಮ ಅಂಗಡಿಯ ಯಜಮಾನರು ಯುದ್ಧ ಕಂಡವರು, ಹೆದರುವ ಪ್ರಾಣಿಯಲ್ಲ. ಆ ವಾರ ಮಾತ್ರ ಅವರಿಗೆ ನಿದ್ದೆ ಬರಲಿಲ್ಲ. ನನಗೆ ಅಷ್ಟು ಕಳವಳವಿರಲಿಲ್ಲ, ಏಕೆಂದರೆ ಇದನ್ನು ನಾನು ಒಮ್ಮೆ ಕಂಡಿದ್ದೆ. 1957ರ ಏಪ್ರಿಲ್ 1ರಂದು ನಮ್ಮಲ್ಲಿ ನಯಾಪೈಸೆ ಬಂದಾಗ ಶಿವಮೊಗ್ಗದ ಸಂತೆಯಲ್ಲಿ ಅಮ್ಮನ ಸೆರಗು ಹಿಡಿದು ನಿಂತು ಜಗಳ ಕೇಳಿದ್ದೆ. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ, ಅದರಲ್ಲಿ ತಕರಾರಿಲ್ಲ. ಒಂದಾಣೆಗೆ ಆರೂಕಾಲು ಪೈಸೆ, ಆ ಕಾಲು ಪೈಸೆಗೆ ನಾಣ್ಯವೇ ಇಲ್ಲ. ಕೊಳ್ಳುವವರು ಆರು ಎನ್ನುತ್ತಿದ್ದರು, ಮಾರುವವರು ಏಳು ಎನ್ನುತ್ತಿದ್ದರು.

ಇಲ್ಲಿಯೂ ತೊಡಕು ಅದೇ. ಶಿಲಿಂಗ್ ನೇರವಾಗಿ ಐದು ಹೊಸ ಪೆನ್ಸ್ ಆಯಿತು, ಫ್ಲಾರಿನ್ ಹತ್ತು ಆಯಿತು. ಆ ಎರಡು ನಾಣ್ಯಗಳು 1968ರಲ್ಲೇ ಬಂದು ಹಳೆಯವುಗಳ ಜೊತೆ ಓಡಾಡುತ್ತಿದ್ದವು. ಸಣ್ಣ ಮೊತ್ತಗಳೇ ಕಷ್ಟ. ಸರ್ಕಾರದ ಪಟ್ಟಿಯ ಪ್ರಕಾರ ಹಳೆಯ ಮೂರು ಪೆನ್ಸ್‌ಗೆ ಹೊಸದು ಒಂದು, ಕೊಳ್ಳುವವರಿಗೆ ಲಾಭ. ಹಳೆಯದು ಒಂದಕ್ಕೆ ಹೊಸದು ಅರ್ಧ, ಕೊಳ್ಳುವವರಿಗೆ ನಷ್ಟ. ಯಜಮಾನರು ಪಟ್ಟಿಯನ್ನು ರಟ್ಟಿಗೆ ಅಂಟಿಸಿ ಗಲ್ಲಾದ ಪಕ್ಕ ನೇತುಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅವರೇ ಚಿಲ್ಲರೆ ಕೊಡುವ ಮುನ್ನ ನನ್ನ ಕಡೆ ನೋಡತೊಡಗಿದರು. ಹಳೆಯ ಹಣ ತೆಗೆದುಕೊಂಡು ಹೊಸದರಲ್ಲಿ ಚಿಲ್ಲರೆ ಕೊಡಬೇಕು. ಪ್ರತಿ ಸೋಮವಾರ ತಂಬಾಕು ಕೊಳ್ಳಲು ಬರುತ್ತಿದ್ದ ನಿವೃತ್ತ ಗಣಿ ಕಾರ್ಮಿಕರೊಬ್ಬರು ಜೇಬಿನಲ್ಲಿದ್ದುದನ್ನೆಲ್ಲ ಗಾಜಿನ ಮೇಲೆ ಸುರಿದು, ತೋರುಬೆರಳಿನಿಂದ ಪೆನ್ನಿಗಳನ್ನು ಒಂದು ಸಾಲು, ಟ್ಯಾನರುಗಳನ್ನು ಒಂದು ಸಾಲು ಮಾಡಿ, "ನಿನಗೆ ಬೇಕಾದಷ್ಟು ತೆಗೆದುಕೋ ಮಗಳೇ, ಇನ್ನು ಇದು ನನ್ನ ಹಣವಲ್ಲ" ಎಂದರು. ಹುಟ್ಟಿದ ಊರಿನಲ್ಲೇ, ಪ್ರತಿ ವಾರ ಬರುವ ಅಂಗಡಿಯಲ್ಲೇ, ಅವರು ಅಂದು ಪರದೇಶಿಯಾಗಿ ನಿಂತಿದ್ದರು. ಸೀರೆಯ ಮೇಲೆ ಕೋಟು ತೊಟ್ಟ ನಾನು ಅವರಿಗೆ ದೇಶದ ಲೆಕ್ಕ ಹೇಳಿಕೊಡುತ್ತಿದ್ದೆ.

ಬೆಲೆ ಏರಿಸಲು ಇದೊಂದು ನೆಪವಾಯಿತು ಎಂದು ಹಳಬರು ಇಂದಿಗೂ ದೂರುತ್ತಾರೆ. ಪೂರ್ತಿ ಸುಳ್ಳಲ್ಲ. ಹಳೆಯ ಐದು ಪೆನ್ಸಿನ ಮೊದಲ ದರ್ಜೆಯ ಅಂಚೆಚೀಟಿ ಅದೇ ದಿನ ಹೊಸ ಮೂರು ಪೆನ್ಸ್ ಆಯಿತು, ಅಂದರೆ ಹಳೆಯ ಏಳಕ್ಕೂ ಮೇಲೆ. ಪೆನ್ನಿ ಮತ್ತು ಮೂರು ಪೆನ್ಸ್ ಆಗಸ್ಟ್ ಕೊನೆಗೆ ಹೋದವು. ಆರು ಪೆನ್ಸ್ ಬಿಟ್ಟುಕೊಡಲು ಮಾತ್ರ ಜನ ಒಪ್ಪಲಿಲ್ಲ. ಕ್ರಿಸ್ಮಸ್ ಪುಡಿಂಗಿನೊಳಗೆ ಹುದುಗಿಸಿಡುವ ನಾಣ್ಯ ಅದು, ಮದುಮಗಳ ಪಾದರಕ್ಷೆಯಲ್ಲಿ ಇಡುವ ನಾಣ್ಯ. ಎರಡೂವರೆ ಪೆನ್ಸಿನ ಬೆಲೆಯಲ್ಲಿ ಅದು 1980ರವರೆಗೆ ಉಳಿಯಿತು.

ಇನ್ನು ನಿನ್ನ ರೂಪಾಯಿ. ನನಗೆ ಅದು ನಿಂತದ್ದು ಗ್ಯಾಸ್ ಮೀಟರಿನಿಂದ. ಬಾಡಿಗೆಯ ಕೋಣೆಯಲ್ಲಿ ಮೀಟರಿಗೆ ಶಿಲಿಂಗ್ ತೂರಿಸಿ ಹಿಡಿ ತಿರುಗಿಸಬೇಕು. ನಾಣ್ಯ ಡಬ್ಬಿಗೆ ಬಿದ್ದ ಸದ್ದಾದ ಮೇಲೆ ಒಲೆ ಹೊತ್ತಿಸಬೇಕು. ಮೊದಲ ಪೂರ್ತಿ ಚಳಿಗಾಲ ಪ್ರತಿ ಶಿಲಿಂಗಿಗೂ ಒಂದು ರೂಪಾಯಿ ಐದು ಪೈಸೆ ಎಂದು ಎಣಿಸಿ, ಹೊದಿಕೆ ಸುತ್ತಿಕೊಂಡು ನಡುಗುತ್ತ ಕೂತೆವು. ಎರಡನೆಯ ಚಳಿಗಾಲದಲ್ಲಿ ಶಿಲಿಂಗ್ ಎಂದರೆ ಒಂದು ಸಂಜೆಯ ಬೆಚ್ಚಗೆ, ಅಷ್ಟೇ. ನೀನೂ ಕಾಫಿಯನ್ನು ನಿನ್ನ ಒಂದು ಗಂಟೆಯ ಸಂಬಳದ ಪಕ್ಕದಲ್ಲಿಟ್ಟು ನೋಡು. ಮನೆಗೆ ಕಳಿಸುವ ಹಣವನ್ನು ಮಾತ್ರ ರೂಪಾಯಿಯಲ್ಲಿ ಎಣಿಸು, ಅದು ಅಲ್ಲಿ ಖರ್ಚಾಗುವ ಹಣ. ಪೂರ್ತಿ ನಿಲ್ಲುತ್ತದೆ ಎಂದು ಮಾತ್ರ ಕಾಯಬೇಡ. ನೀನು ನೋಡಿಕೊಳ್ಳುವ ಆ ಅಜ್ಜಿ ಐವತ್ತಕ್ಕೂ ಹೆಚ್ಚು ವರ್ಷದಿಂದ ಶಿಲಿಂಗಿಗೆ ತಿರುಗಿಸಿ ನೋಡುತ್ತಲೇ ಸಂಸಾರ ನಡೆಸಿಲ್ಲವೇ?

ಅವರಿಗೆ ಏನು ಮಾಡಬೇಕೆಂದರೆ, ಮೊದಲು ನಿನ್ನ ಮೇಲಿನವರ ಒಪ್ಪಿಗೆ ಕೇಳು. ಕೆಲವು ವಸ್ತುಸಂಗ್ರಹಾಲಯಗಳು ಇಂಥ ಹಿರಿಯರಿಗಾಗಿಯೇ ಹಳೆಯ ವಸ್ತುಗಳ ಪೆಟ್ಟಿಗೆ ಎರವಲು ಕೊಡುತ್ತವೆ, ವಿಚಾರಿಸು. ಹಳೆಯ ಪೆನ್ನಿ, ಟ್ಯಾನರುಗಳು ಸಂತೆಯ ನಾಣ್ಯ ವ್ಯಾಪಾರಿಗಳ ಬಳಿ ಕಡಿಮೆ ಬೆಲೆಗೆ ಸಿಗುತ್ತವೆ. ಕೈಗೆ ಕೊಟ್ಟು ಎದ್ದು ಹೋಗಬೇಡ, ಮರೆವಿನವರು ಬಾಯಿಗೆ ಹಾಕಿಕೊಂಡಾರು, ಪಕ್ಕದಲ್ಲೇ ಕೂತಿರು. ಮೊದಲ ಸಂಬಳ ಎಷ್ಟು ಬಂತು, ಅದರಲ್ಲಿ ಅಮ್ಮನ ಕೈಗೆ ಎಷ್ಟು ಕೊಟ್ಟಿರಿ, ಪುಡಿಂಗಿನಲ್ಲಿ ಆರು ಪೆನ್ಸ್ ಯಾರಿಗೆ ಸಿಗುತ್ತಿತ್ತು ಎಂದು ಕೇಳು. ಹತ್ತು ಶಿಲಿಂಗಿನ ನೋಟು ಒಂದು ನನ್ನ ಬಳಿ ಇದೆ. ಬರುವ ಭಾನುವಾರ ಊಟಕ್ಕೆ ಬಂದಾಗ ಕೊಡುತ್ತೇನೆ, ತೆಗೆದುಕೊಂಡು ಹೋಗಿ ಅವರ ಪರ್ಸಿನಲ್ಲಿಡು.