ಮುಂದೆ ಡ್ರೋನ್‌ಗಳು ದಿನನಿತ್ಯದ ಜೀವನದಲ್ಲಿ ಮತ್ತೆ ಯುದ್ಧದಲ್ಲಿ ಯಾವ್ಯಾವುದಕ್ಕೆ ಬಳಕೆ ಆಗಬಹುದು?

ಮುಂದೆ ಅಂತ ಕೇಳಿದೀರ, ಆದ್ರೆ ಅರ್ಧ ಆಗ್ಲೇ ಬಂದಾಗಿದೆ. ನಾನು ದಾವಣಗೆರೆ ಹತ್ರ ಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯೋನು, ನಂಗೆ ಗೊತ್ತಿರೋ ಕಡೆಯಿಂದಲೇ ಹೇಳ್ತೀನಿ.

ಮೊದಲು ಔಷಧಿ ಹೊಡಿಬೇಕು ಅಂದ್ರೆ ಕ್ಯಾನು ಬೆನ್ನಿಗೆ ಹಾಕ್ಕೊಂಡು ಕೆಸರಿಗೆ ಇಳೀಬೇಕಿತ್ತು, ಎಕರೆಗೆ 150 ಲೀಟರ್ ನೀರು ಹೊರಬೇಕು, ಆಳು ಸಿಗಲ್ಲ, ಸಿಕ್ಕಿದ್ರೂ ಸಂಜೆಗೆ ತಲೆಸುತ್ತು ಅಂತ ಮಲಗಿಬಿಡ್ತಾನೆ. ಈಗ ಡ್ರೋನ್ ಹುಡುಗ ಬಂದ್ರೆ 10 ಲೀಟರ್ ಟ್ಯಾಂಕಲ್ಲಿ ಒಂದೆಕರೆ ಎಂಟ್ಹತ್ತು ನಿಮಿಷಕ್ಕೆ ಮುಗೀತು. ಬ್ಯಾಟರಿನೂ ಅಷ್ಟರಲ್ಲೇ ಖಾಲಿ, ಅದಕ್ಕೆ ಗಾಡೀಲಿ ಜನರೇಟರ್ ಇಟ್ಕೊಂಡೇ ತಿರುಗ್ತಾನೆ ಪಾಪ. ಭತ್ತದ ರಸ ಹೀರೋ ಕಂದು ಜಿಗಿಹುಳ ಬುಡದಲ್ಲಿ ಕೂತಿರುತ್ತೆ, ಮೇಲಿಂದ ಹೊಡೆದ್ರೆ ಅಲ್ಲಿಗೆ ಇಳಿಯಲ್ಲ ಅಂತ ಅಪ್ಪ ಇನ್ನೂ ಗೊಣಗ್ತಾರೆ, ಅದೂ ಸುಳ್ಳಲ್ಲ. ನಮೋ ಡ್ರೋನ್ ದೀದಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಮಹಿಳಾ ಸಂಘಗಳಿಗೆ ಶೇ. 80 ಸಬ್ಸಿಡಿ ಬೇರೆ ಘೋಷಿಸ್ತು, 8 ಲಕ್ಷದವರೆಗೆ. ಹಾಗಾಗಿ ಟ್ರ್ಯಾಕ್ಟರ್ ಬಾಡಿಗೆ ಹೇಳ್ದಂಗೆ ಡ್ರೋನ್ ಬಾಡಿಗೆ ಹೇಳೋ ಕಾಲ ದೂರ ಇಲ್ಲ.

ಪಿಜ್ಜಾ ಡೆಲಿವರಿ ನಂಗೆ ನಂಬಿಕೆ ಇಲ್ಲ, ಬೆಂಗಳೂರಿನ ಕೇಬಲ್ ಮಧ್ಯೆ ಎಲ್ಲಿ ಇಳಿಸ್ತಾರೆ? ರಸ್ತೆ ಇಲ್ಲದ ಊರಿಗೆ ರಕ್ತ ಕಳಿಸೋದು ಬೇರೆ ಮಾತು, ರುವಾಂಡಾದಲ್ಲಿ 2016ರಿಂದಲೇ ನಡೀತಿದೆ.

ಇನ್ನು ಯುದ್ಧ. ಯುಕ್ರೇನ್‌ದು ವಿಡಿಯೋ ನೋಡಿದ್ರೆ ಎದೆ ಝಲ್ ಅನ್ನುತ್ತೆ, ಯಾಕಂದ್ರೆ ನಮ್ಮ ಗದ್ದೆ ಮೇಲೆ ಹಾರೋ ಥರದ್ದೇ ಆರು ಫ್ಯಾನಿನ ದೊಡ್ಡ ಡ್ರೋನ್, ಔಷಧಿ ಟ್ಯಾಂಕ್ ಇರೋ ಜಾಗದಲ್ಲಿ ಬಾಂಬು, ರಾತ್ರಿ ಬಂದು ಹಾಕಿ ಹೋಗುತ್ತೆ, ರಷ್ಯಾದವರು ಅದಕ್ಕೆ ಬಾಬಾ ಯಾಗಾ ಅಂತ ಅವರ ಕಥೆಯ ಮಾಟಗಾತಿ ಹೆಸರೇ ಇಟ್ಟಿದಾರೆ. ಸಣ್ಣವು ನಮ್ಮ ದುಡ್ಡಲ್ಲಿ 40 ಸಾವಿರ ಆಸುಪಾಸು, ಕೋಟಿಗಟ್ಲೆ ಬಾಳೋ ಯುದ್ಧ ಟ್ಯಾಂಕ್ ಸುಡ್ತವೆ. ಸಿಗ್ನಲ್ ಜಾಮ್ ಮಾಡಿದ್ರೆ ಬೀಳುತ್ತೆ ಅಂತಿದ್ರು, ಈಗ ಕಿಲೋಮೀಟರ್‌ಗಟ್ಲೆ ತೆಳು ಫೈಬರ್ ದಾರ ಬಿಚ್ಕೊಂಡು ಹಾರ್ತವೆ, ಸಿಗ್ನಲ್ ಆ ದಾರದಲ್ಲೇ ಹೋಗೋದ್ರಿಂದ ಜಾಮರ್ ಏನೂ ಮಾಡಕ್ಕಾಗಲ್ಲ. ಕೊನೆಗೆ ಡ್ರೋನ್ ಸಿಕ್ಕಿಹಾಕ್ಕೊಳ್ಳಲಿ ಅಂತ ಅಲ್ಲಿ ರಸ್ತೆ ಮೇಲೆ ಮೀನು ಬಲೆ ಕಟ್ಟಿ ಚಪ್ಪರ ಹಾಕಿದಾರೆ! ನಮ್ಮ ಕಡೆನೂ 2025ರ ಮೇ ತಿಂಗಳಲ್ಲಿ ಪಾಕಿಸ್ತಾನ ಒಂದೇ ರಾತ್ರಿ 36 ಜಾಗಕ್ಕೆ 300–400 ಡ್ರೋನ್ ಕಳಿಸ್ತು ಅಂತ ಸರ್ಕಾರನೇ ಹೇಳಿತ್ತು. ಅಗ್ಗದ ಡ್ರೋನಿಗೆ ದುಬಾರಿ ಮಿಸೈಲ್ ಹೊಡೀತಾ ಕೂತ್ರೆ ಯಾರ ಖಜಾನೆನೂ ತಡೆಯಲ್ಲ, ಸೋ ಮುಂದೆ ದುಡ್ಡೆಲ್ಲ ಡ್ರೋನ್ ಬೀಳಿಸೋ ಡ್ರೋನಿಗೆ, ಲೇಸರ್‌ಗೆ ಹೋಗುತ್ತೆ ಅನ್ಸುತ್ತೆ.

ನಮ್ಮ ಡ್ರೋನ್ ಹುಡುಗನೂ ಬ್ಯಾಟರಿ ಚಾರ್ಜ್ ಆಗೋವರೆಗೆ ಬದು ಮೇಲೆ ಕೂತು ಅದೇ ವಿಡಿಯೋ ನೋಡ್ತಿರ್ತಾನೆ. ಸದ್ಯಕ್ಕೆ ಅವನ ಡ್ರೋನಿಗೆ ತೆಂಗಿನ ಗರಿನೇ ಶತ್ರು, ಹೋದ್ಸಲ ತಗುಲಿ ಎರಡು ಫ್ಯಾನ್ ಮುರೀತು.